ಎಚ್‌ಐವಿ ಟೆಸ್ಟ್: 28ನೇ ದಿನದ ನೆಗೆಟಿವ್ ರಿಪೋರ್ಟನ್ನು ಎಷ್ಟು ನಂಬಬಹುದು?

ರಾಜಾಜಿನಗರ_ಓದುಗ:

ಹತ್ತಿರದವರೊಬ್ಬರ ಪರವಾಗಿ ಕೇಳ್ತಿದ್ದೀನಿ. ವಿವರ ಪೂರ್ತಿ ಕೊಡ್ತೀನಿ, ತಿಳಿದವರು ದಯವಿಟ್ಟು ಉತ್ತರಿಸಿ.

ಜೂನ್ 8ರ ರಾತ್ರಿ ಕಾಂಡೋಮ್ ಹರಿದಿದೆ. ಇವರು ಗಂಡಸು, ಜೊತೆಗಿದ್ದವರು ಹೆಂಗಸು. ಅವರ ಎಚ್‌ಐವಿ ಸ್ಥಿತಿ ಗೊತ್ತಿಲ್ಲ. 72 ಗಂಟೆಯೊಳಗೆ ಸೋಂಕು ತಡೆಯೋ ಮಾತ್ರೆ (ಪೆಪ್) ಶುರು ಮಾಡಬಹುದು ಅನ್ನೋ ವಿಷಯ ತಿಳಿದಿದ್ದು ಒಂದು ವಾರ ಆದ ಮೇಲೆ. ಜೂನ್ 24ಕ್ಕೆ ಜ್ವರ, ಗಂಟಲು ನೋವು, ಎದೆ ಮೇಲೆ ಕೆಂಪು ದದ್ದು. ನಾಲ್ಕು ದಿನದಲ್ಲಿ ಇಳೀತು.

ಟೆಸ್ಟ್ ಎರಡು ಸಲ ಆಗಿದೆ, ಎರಡೂ ಒಂದೇ ಖಾಸಗಿ ಲ್ಯಾಬಲ್ಲಿ, ಮನೆಗೆ ಬಂದು ರಕ್ತ ತಗೊಂಡು ಹೋಗಿದ್ದು. ಜೂನ್ 27ಕ್ಕೆ, ಅಂದ್ರೆ 19ನೇ ದಿನ: 0.09, ನಾನ್ ರಿಯಾಕ್ಟಿವ್. ಜುಲೈ 6ಕ್ಕೆ, 28ನೇ ದಿನ: 0.18, ನಾನ್ ರಿಯಾಕ್ಟಿವ್. ರಿಪೋರ್ಟಲ್ಲಿ "ಎಚ್‌ಐವಿ 1 ಮತ್ತು 2, ಆಂಟಿಜೆನ್ ಆಂಟಿಬಾಡಿ ಕಾಂಬೋ, ವಿಧಾನ ಸಿಎಂಐಎ, 1.00ಕ್ಕಿಂತ ಕಡಿಮೆ ಇದ್ದರೆ ನಾನ್ ರಿಯಾಕ್ಟಿವ್" ಅಂತಿದೆ.

ಒಬ್ಬ ಡಾಕ್ಟರು 45 ದಿನ ಸಾಕು ಅಂದ್ರು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಮಾಲೋಚನೆ ಮತ್ತು ಟೆಸ್ಟ್ ಕೇಂದ್ರ) ಮೂರು ತಿಂಗಳಿಗೆ ಬನ್ನಿ ಅಂದ್ರು. ಇಂಟರ್ನೆಟ್ಟಲ್ಲಿ ಆರು ತಿಂಗಳು ಅಂತಲೂ ಇದೆ. ಮೂರರಲ್ಲಿ ಯಾವುದು ಸರಿ? 0.09 ಇದ್ದದ್ದು 0.18 ಆಗಿದೆಯಲ್ಲ, ಎರಡು ಪಟ್ಟು ಏರಿದೆ ಅಂತ ಅವರು ನಿದ್ದೆ ಬಿಟ್ಟಿದ್ದಾರೆ. ಆ ಜ್ವರಕ್ಕೆ ಏನು ಅರ್ಥ?

—

ಮೈಕ್ರೋಬಯಾಲಜಿ_ಬೆಂಚು:

ಮೊದಲು ಆ 0.09 ಮತ್ತು 0.18ರ ವಿಷಯ ಮುಗಿಸೋಣ. ಅದು ವೈರಸ್ಸಿನ ಅಳತೆ ಅಲ್ಲ, ಪ್ರತಿಕಾಯದ (ಆಂಟಿಬಾಡಿಯ) ಅಳತೆಯೂ ಅಲ್ಲ. ಮೆಷಿನ್ ಒಳಗೆ ನಡೆಯೋ ಕ್ರಿಯೆ ಕೊನೆಗೆ ಒಂದಿಷ್ಟು ಬೆಳಕು ಕೊಡತ್ತೆ. ನಿಮ್ಮ ಸ್ಯಾಂಪಲ್ಲಿನ ಬೆಳಕನ್ನ ಕಟ್‌ಆಫ್ ಅಂತ ಗೊತ್ತು ಮಾಡಿರೋ ಬೆಳಕಿನಿಂದ ಭಾಗಿಸಿದರೆ ಬರೋ ಸಂಖ್ಯೆ ಅದು, ಎಸ್/ಸಿಒ ಅಂತಾರೆ. ಏನೇನೂ ಸೋಂಕಿಲ್ಲದ ಸೀರಂ (ರಕ್ತದ ತಿಳಿ ಭಾಗ) ಕೂಡ ಸ್ವಲ್ಪ ಬೆಳಕು ಕೊಟ್ಟೇ ಕೊಡತ್ತೆ. ರೀಏಜೆಂಟ್ ಡಬ್ಬಿ ಬದಲಾದರೆ, ಹೊಸದಾಗಿ ಕ್ಯಾಲಿಬ್ರೇಟ್ ಮಾಡಿದರೆ ಅದೇ ಟ್ಯೂಬು ಬೆಳಿಗ್ಗೆ ಒಂದು ಸಂಖ್ಯೆ, ಸಂಜೆ ಇನ್ನೊಂದು ಸಂಖ್ಯೆ ತೋರಿಸತ್ತೆ. 1.00ರ ಕೆಳಗೆ ಇರೋ ಏರಿಳಿತಕ್ಕೆ ಅರ್ಥ ಇಲ್ಲ. ಸೋಂಕು ನೆಲೆಯಾದವರ ಸ್ಯಾಂಪಲ್ ಈ ಮೆಷಿನ್ನಲ್ಲಿ ಸಾಮಾನ್ಯವಾಗಿ ಹತ್ತಾರು, ನೂರಾರರಲ್ಲಿ ಬರತ್ತೆ. 0.09ರಿಂದ 0.18ಕ್ಕೆ "ಏರ್ತಾ ಇದೆ" ಅನ್ನೋದು ಸಂಖ್ಯೆಯನ್ನ ತಪ್ಪಾಗಿ ಓದಿದ್ದು. ಇದನ್ನ ಅವರಿಗೆ ಇವತ್ತೇ ಹೇಳಿ.

ಈಗ ದಿನಗಳ ಲೆಕ್ಕ. ಮೂರು ಉತ್ತರ ಸಿಕ್ಕಿದ್ದು ಯಾಕೆ ಅಂದ್ರೆ, ಟೆಸ್ಟುಗಳು ಮೂರು ಬೇರೆ ಬೇರೆ ವಸ್ತುಗಳನ್ನ ಹುಡುಕುತ್ತವೆ, ಅವು ರಕ್ತಕ್ಕೆ ಬರೋದು ಒಂದಾದ ಮೇಲೆ ಒಂದು. ಸೋಂಕು ತಗುಲಿದ ಮೊದಲ ಸುಮಾರು ಹತ್ತು ದಿನ ವೈರಸ್ಸು ಅಂಗಾಂಶದೊಳಗೇ ಇರತ್ತೆ, ಯಾವ ಟೆಸ್ಟಿಗೂ ಸಿಗಲ್ಲ. ಆಮೇಲೆ ಮೊದಲು ಸಿಗೋದು ವೈರಸ್ಸಿನ ಆರ್‌ಎನ್‌ಎ, ಅಂದ್ರೆ ಅದರ ವಂಶವಾಹಿ ವಸ್ತು. ಅದಾಗಿ ಕೆಲವು ದಿನಕ್ಕೆ ಪಿ24 ಅನ್ನೋ ವೈರಸ್ಸಿನದೇ ಪ್ರೋಟೀನು, ರಿಪೋರ್ಟಲ್ಲಿ ಆಂಟಿಜೆನ್ ಅನ್ನೋದು ಇದನ್ನೇ. ಅದರ ಹಿಂದೆ, ನಮ್ಮ ದೇಹ ತಯಾರಿಸೋ ಪ್ರತಿಕಾಯ. ಹಾಗಾಗಿ:

ಆರ್‌ಎನ್‌ಎ ಹುಡುಕೋ ನ್ಯಾಟ್ ಟೆಸ್ಟಿಗೆ ಸೋಂಕು ಸಿಗೋದು 10ರಿಂದ 33 ದಿನದೊಳಗೆ. ಪಿ24 ಮತ್ತು ಪ್ರತಿಕಾಯ ಎರಡನ್ನೂ ಹುಡುಕೋ ಕಾಂಬೋ, ಅಂದ್ರೆ ನಾಲ್ಕನೇ ತಲೆಮಾರಿನದು, ರಕ್ತನಾಳದಿಂದ ತೆಗೆದ ರಕ್ತವನ್ನ ಲ್ಯಾಬಲ್ಲಿ ಮಾಡಿದ್ರೆ 18ರಿಂದ 45 ದಿನ. ಅದೇ ಕಾಂಬೋವನ್ನ ಬೆರಳು ಚುಚ್ಚಿ ಕಾರ್ಡಿನ ಮೇಲೆ ಮಾಡಿದ್ರೆ 18ರಿಂದ 90 ದಿನ. ಬರೀ ಪ್ರತಿಕಾಯ ಹುಡುಕೋ ಟೆಸ್ಟಿಗೆ 23ರಿಂದ 90 ದಿನ.

ನಿಮ್ಮವರು ಮಾಡಿಸಿರೋದು ಎರಡನೆಯದು, ಲ್ಯಾಬ್ ಕಾಂಬೋ. ಸೋಂಕು ತಗುಲಿದವರಲ್ಲಿ ಅರ್ಧದಷ್ಟು ಜನ ಇದರಲ್ಲಿ 18ನೇ ದಿನದ ಹೊತ್ತಿಗೆ ಸಿಕ್ಕಿಬೀಳ್ತಾರೆ, ಮುಕ್ಕಾಲು ಪಾಲು 24ನೇ ದಿನದ ಹೊತ್ತಿಗೆ, 100ಕ್ಕೆ 95ರ ಮೇಲೆ ನಾಲ್ಕು ವಾರಕ್ಕೆ, 99 ಪಾಲು 45ನೇ ದಿನಕ್ಕೆ. ಡಾಕ್ಟರು 45 ಅಂದಿದ್ದು ಅದಕ್ಕೇ. ಹಾಗಾಗಿ 19ನೇ ದಿನದ ರಿಪೋರ್ಟಿಗೆ ತೂಕ ಕಮ್ಮಿ. 28ನೇ ದಿನದ್ದಕ್ಕೆ ಒಳ್ಳೇ ತೂಕ ಇದೆ, ಕೊನೇ ಮಾತು ಅಲ್ಲ.

ಇನ್ನೊಂದು ಲೆಕ್ಕ ಕೂಡ ಮಾಡಿ ನೋಡಿ. ಜೊತೆಗಿದ್ದ ಹೆಂಗಸಿಗೆ ಸೋಂಕು ಇದೆ, ಚಿಕಿತ್ಸೆ ತಗೊಳ್ತಿಲ್ಲ ಅಂತಲೇ ಇಟ್ಟುಕೊಳ್ಳಿ. ಕಾಂಡೋಮ್ ಇಲ್ಲದ ಒಂದು ಸಲದ ಯೋನಿ ಸಂಭೋಗದಲ್ಲಿ ಗಂಡಸಿಗೆ ಅಂಟೋ ಸರಾಸರಿ ಸಾಧ್ಯತೆ 10,000ಕ್ಕೆ 4. ಹೆಂಗಸಿಗೆ 10,000ಕ್ಕೆ 8. ಗುದ ಸಂಭೋಗದಲ್ಲಿ ಸ್ವೀಕರಿಸೋ ಕಡೆಯವರಿಗೆ 10,000ಕ್ಕೆ 138, ಅದು ಬೇರೆಯೇ ಮಟ್ಟದ ಅಪಾಯ. ಜನನಾಂಗದ ಮೇಲೆ ಹುಣ್ಣು ಇದ್ದರೆ, ಎದುರಿನವರಿಗೆ ಸೋಂಕು ಹೊಸದಾಗಿ ತಗುಲಿ ವೈರಸ್ ತುಂಬಾ ಇದ್ದರೆ ಈ ಸಂಖ್ಯೆಗಳು ಏರ್ತವೆ. ಎದುರಿನವರು ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ ಔಷಧ) ತಗೊಂಡು ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ದರೆ ಲೈಂಗಿಕವಾಗಿ ಅಂಟೋ ಅಪಾಯ ಸೊನ್ನೆ. ನಿಮ್ಮವರ ವಿಷಯದಲ್ಲಿ 10,000ಕ್ಕೆ 4, ಅದರಲ್ಲಿ 28ನೇ ದಿನದ ಟೆಸ್ಟ್ ಕೈತಪ್ಪಿಸೋದು ಹೆಚ್ಚಂದ್ರೆ 100ಕ್ಕೆ 5. ಗುಣಿಸಿದ್ರೆ ಲಕ್ಷಕ್ಕೆ 2. ಅದೂ ಆಕೆಗೆ ಸೋಂಕು ಇದ್ದೇ ಇದೆ ಅಂತ ಇಟ್ಟುಕೊಂಡಾಗ.

ಜ್ವರದ ವಿಷಯ. ಎಚ್‌ಐವಿಯ ಮೊದಲ ಜ್ವರ ಎರಡರಿಂದ ನಾಲ್ಕು ವಾರದಲ್ಲಿ ಬರೋದು ನಿಜ; ಜ್ವರ, ಗಂಟಲು ನೋವು, ದದ್ದು, ಕುತ್ತಿಗೆ ಗಂಟು. ಆದರೆ ಆ ಜ್ವರ ಬರೋದೇ ರಕ್ತದಲ್ಲಿ ವೈರಸ್ ಉಕ್ಕಿ ಹರೀತಿರೋ ಹೊತ್ತಿನಲ್ಲಿ. ಪಿ24 ಸಿಗೋ ಹೊತ್ತೂ ಅದೇ. ಜೂನ್ 24ರ ಜ್ವರ ಎಚ್‌ಐವಿಯದ್ದಾಗಿದ್ದರೆ, ಅದಾಗಿ 12 ದಿನಕ್ಕೆ ತೆಗೆದ ಜುಲೈ 6ರ ಕಾಂಬೋ ರಿಯಾಕ್ಟಿವ್ ಬರಬೇಕಿತ್ತು. ಅದು ಬರದೇ ಇರೋದು ಇವರ ಪರವಾಗಿರೋ ಸಾಕ್ಷಿ. ಬೆಂಗಳೂರಲ್ಲಿ ಜೂನ್ ಜುಲೈ ಅಂದ್ರೆ ಡೆಂಗಿ ಕಾಲ. ಜ್ವರ ಮತ್ತು ದದ್ದು ಅಂದ ತಕ್ಷಣ ಮೊದಲ ಐದು ದಿನದಲ್ಲಿ ಡೆಂಗಿಗೆ ಎನ್‌ಎಸ್1 ಟೆಸ್ಟ್, ಆಮೇಲಾದ್ರೆ ಐಜಿಎಂ ಟೆಸ್ಟ್ ಮಾಡಿಸಬೇಕಿತ್ತು. ಲಕ್ಷಣ ನೋಡಿ ಎಚ್‌ಐವಿ ಇದೆ ಅಂತಾಗಲೀ ಇಲ್ಲ ಅಂತಾಗಲೀ ಯಾರೂ ಹೇಳೋಕೆ ಆಗಲ್ಲ.

ಓದುವ ಬೇರೆಯವರಿಗೆ ಒಂದು ಮಾತು. ರಿಪೋರ್ಟ್ ಕೈಗೆ ಬಂದಾಗ "ನೆಗೆಟಿವ್" ಅನ್ನೋ ಪದಕ್ಕಿಂತ ಮೊದಲು "ವಿಧಾನ" ಅನ್ನೋ ಸಾಲು ನೋಡಿ. ಸಿಎಂಐಎ, ಸಿಎಲ್‌ಐಎ, ಇಎಲ್‌ಎಫ್‌ಎ (ಎಲ್ಲ ಲ್ಯಾಬ್ ಮೆಷಿನ್ ವಿಧಾನಗಳು) ಅಂತಿದ್ದು ಜೊತೆಗೆ ಪಿ24 ಅಥವಾ ಆಂಟಿಜೆನ್ ಅನ್ನೋ ಮಾತು ಇದ್ದರೆ ಮಾತ್ರ ಅದು ಕಾಂಬೋ. "ಇಮ್ಯುನೋಕ್ರೊಮೆಟೋಗ್ರಫಿ", "ರ‍್ಯಾಪಿಡ್", "ಕಾರ್ಡ್ ಟೆಸ್ಟ್" ಅಂತಿದ್ದರೆ ಅದಕ್ಕೆ 45 ದಿನದ ಲೆಕ್ಕ ಹಾಕಬೇಡಿ, 90 ದಿನ ಕಾಯಬೇಕು. ಕೌಂಟರಲ್ಲಿ "ಎಚ್‌ಐವಿ ಟೆಸ್ಟ್" ಅಂತಷ್ಟೇ ಕೇಳಿದ್ರೆ ಎಷ್ಟೋ ಕಡೆ ಕಾರ್ಡ್ ಮಾಡಿ ಕಳಿಸ್ತಾರೆ. "ಆಂಟಿಜೆನ್ ಆಂಟಿಬಾಡಿ ಕಾಂಬೋ ಬೇಕು" ಅಂತ ಬಾಯಿಬಿಟ್ಟು ಹೇಳಿ, ಬಿಲ್ಲಲ್ಲಿ ಅದೇ ಹೆಸರು ಬಂದಿದೆಯಾ ನೋಡಿ.

ಉಪವಾಸ ಬೇಕಿಲ್ಲ. ಕಾಫಿ, ಊಟ, ಪ್ಯಾರಾಸಿಟಮಾಲ್, ಆಂಟಿಬಯಾಟಿಕ್, ನೆಗಡಿ ಯಾವುದೂ ಫಲಿತಾಂಶ ಕೆಡಿಸಲ್ಲ. ಒಂದನ್ನ ಮಾತ್ರ ಲ್ಯಾಬಿಗೆ ತಿಳಿಸಿ: ಕೂದಲು ಉದುರದ ಹಾಗೆ ಅಂತ ತಿನ್ನೋ ಬಯೋಟಿನ್ ಮಾತ್ರೆ. ಒಂದೊಂದರಲ್ಲಿ 5ರಿಂದ 10 ಮಿಲಿಗ್ರಾಂ ಇರತ್ತೆ. ಕೆಲವು ಮೆಷಿನ್‌ಗಳು ಬಯೋಟಿನ್ ಬಳಸಿಕೊಂಡೇ ಕೆಲಸ ಮಾಡೋದರಿಂದ, ರಕ್ತದಲ್ಲಿ ಅದು ತುಂಬಿದ್ದರೆ ಇರೋ ಸಿಗ್ನಲ್ ಕೂಡ ಕಮ್ಮಿ ಕಾಣತ್ತೆ.

—

ಸಮಾಲೋಚನೆ_ಕೋಣೆ:

ಮೇಲಿನ ಉತ್ತರ ಸರಿಯಾಗಿದೆ. ಐಸಿಟಿಸಿಯವರು ಮೂರು ತಿಂಗಳು ಅಂದಿದ್ದರಲ್ಲೂ ತಪ್ಪಿಲ್ಲ. ಅದರ ಕಾರಣ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎರಡೂ ಕಡೆ ಹೋದವರು "ಸರ್ಕಾರಿಯವರಿಗೆ ಗೊತ್ತಿಲ್ಲ" ಅಂತಲೋ "ಖಾಸಗಿಯವರು ದುಡ್ಡಿಗೆ ಬೇಗ ಹೇಳಿಬಿಟ್ಟರು" ಅಂತಲೋ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ.

ಐಸಿಟಿಸಿಯಲ್ಲಿ ಬಳಸುವುದು ರ‍್ಯಾಪಿಡ್ ಕಿಟ್‌ಗಳನ್ನು, ಅವು ಮುಖ್ಯವಾಗಿ ಪ್ರತಿಕಾಯ ಹುಡುಕುತ್ತವೆ. ಅದಕ್ಕೆ ತಕ್ಕ ಗವಾಕ್ಷಿ ಅವಧಿ (ಸೋಂಕು ತಗುಲಿದ್ದರೂ ಟೆಸ್ಟಿಗೆ ಸಿಗದೇ ಇರಬಹುದಾದ ಕಾಲ) ಮೂರು ತಿಂಗಳು. ಅಲ್ಲಿಯ ಬಲ ಇರುವುದು ಬೇರೆ ಕಡೆ, ಪಾಸಿಟಿವ್ ಎಂದು ಹೇಳುವ ಮೊದಲು ಮಾಡುವ ಖಾತರಿಯಲ್ಲಿ. ಲಕ್ಷಣವಿಲ್ಲದ ವ್ಯಕ್ತಿಗೆ ಮೊದಲ ಕಿಟ್ ರಿಯಾಕ್ಟಿವ್ ಬಂದರೆ, ಬೇರೆ ತತ್ವದ ಅಥವಾ ಬೇರೆ ಆಂಟಿಜೆನ್ ಬಳಸಿದ ಎರಡನೇ ಕಿಟ್, ಮತ್ತೆ ಮೂರನೇ ಕಿಟ್ ಹಾಕುತ್ತಾರೆ. ಮೂರೂ ರಿಯಾಕ್ಟಿವ್ ಆದರೆ ಮಾತ್ರ ಪಾಸಿಟಿವ್.

ಇಷ್ಟು ಯಾಕೆ ಬೇಕು? ಭಾರತದಲ್ಲಿ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಸುಮಾರು 0.2%. 10,000 ಜನರನ್ನು ಪರೀಕ್ಷೆ ಮಾಡಿದರೆ ನಿಜವಾಗಿ ಸೋಂಕಿರುವವರು 20. ಕಿಟ್ 99.5% ನಿಖರವಾಗಿದ್ದರೂ ಸೋಂಕಿಲ್ಲದವರಲ್ಲಿ ಸುಮಾರು 50 ಜನರಿಗೆ ಸುಮ್ಮಸುಮ್ಮನೆ ರಿಯಾಕ್ಟಿವ್ ತೋರಿಸುತ್ತದೆ. ಅಂದರೆ ಮೊದಲ ಕಿಟ್‌ನಲ್ಲಿ ರಿಯಾಕ್ಟಿವ್ ಬಂದ 70 ಜನರಲ್ಲಿ 50 ಜನರಿಗೆ ಸೋಂಕೇ ಇಲ್ಲ! ಬೇರೆ ಜಾತಿಯ ಎರಡನೇ ಕಿಟ್ ಆ 50ರಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಬಿಡಿಸುತ್ತದೆ, ಉಳಿದದ್ದನ್ನು ಮೂರನೆಯದು ತೀರ್ಮಾನಿಸುತ್ತದೆ. ಮೊದಲನೆಯದು ರಿಯಾಕ್ಟಿವ್, ಉಳಿದೆರಡರಲ್ಲಿ ಒಂದು ಹೌದು ಒಂದು ಅಲ್ಲ ಎಂದು ಬಂದರೆ ಅದನ್ನು ಅನಿಶ್ಚಿತ ಎಂದು ಬರೆದು 14ರಿಂದ 28 ದಿನ ಬಿಟ್ಟು ಮತ್ತೆ ರಕ್ತ ಕೇಳುತ್ತಾರೆ. ಆ ಎರಡರಿಂದ ನಾಲ್ಕು ವಾರ ಜನ ಅನುಭವಿಸುವ ಸಂಕಟ ಸಣ್ಣದಲ್ಲ, ಆದರೆ ಆ ಅಂತರ ಬೇಕೇ ಬೇಕು: ಹೊಸ ಸೋಂಕಾದರೆ ಅಷ್ಟರಲ್ಲಿ ಪ್ರತಿಕಾಯ ಬಲಿಯುತ್ತದೆ, ಸುಳ್ಳು ಸಿಗ್ನಲ್ ಆದರೆ ಇದ್ದಲ್ಲೇ ಇರುತ್ತದೆ ಅಥವಾ ಮಾಯವಾಗುತ್ತದೆ.

ಆದ್ದರಿಂದ ಖಾಸಗಿ ಲ್ಯಾಬಿನ ಒಂದೇ ಮೆಷಿನ್ ರಿಪೋರ್ಟ್ "ರಿಯಾಕ್ಟಿವ್" ಎಂದು ಬಂದರೆ ಅದನ್ನು ಪಾಸಿಟಿವ್ ಎಂದು ಓದಬೇಡಿ, ಮನೆಯಲ್ಲಿ ಯಾರಿಗೂ ಹೇಳಬೇಡಿ, ಮೊದಲು ಐಸಿಟಿಸಿಗೆ ಹೋಗಿ ಖಚಿತಪಡಿಸಿಕೊಳ್ಳಿ. ನೆಗೆಟಿವ್ ವಿಷಯದಲ್ಲಿ ಲ್ಯಾಬ್ ಕಾಂಬೋ ಬೇಗ ಉತ್ತರ ಕೊಡುತ್ತದೆ. ಪಾಸಿಟಿವ್ ವಿಷಯದಲ್ಲಿ ಮೂರು ಕಿಟ್‌ನ ಐಸಿಟಿಸಿಯೇ ಗಟ್ಟಿ.

ಬೆಂಗಳೂರಿನಲ್ಲಿ ವಿಕ್ಟೋರಿಯಾ, ಬೌರಿಂಗ್, ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರ ಜನರಲ್ ಆಸ್ಪತ್ರೆಗಳಲ್ಲಿ ಐಸಿಟಿಸಿ ಇದೆ, ಟೆಸ್ಟ್ ಉಚಿತ. ಸಣ್ಣ ಆರೋಗ್ಯ ಕೇಂದ್ರಗಳಲ್ಲಿ ಒಂದೇ ಕಿಟ್ ಹಾಕಿ ನೋಡುವ ವ್ಯವಸ್ಥೆ ಇರುತ್ತದೆ. ಅಲ್ಲಿ ರಿಯಾಕ್ಟಿವ್ ಬಂದರೆ ಖಚಿತ ಮಾಡಲು ದೊಡ್ಡ ಕೇಂದ್ರಕ್ಕೆ ಕಳಿಸುತ್ತಾರೆ. ಹೋದಾಗ ಮೊದಲು ಆಪ್ತ ಸಮಾಲೋಚಕರ ಹತ್ತಿರ ಕೂರಬೇಕು. ಅವರು ಕೇಳುವ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಒಂದೇ: ಕೊನೆಯ ಸಂಪರ್ಕ ಯಾವತ್ತು? ನಾಚಿಕೆಗೆ "ಆರು ತಿಂಗಳಾಯ್ತು" ಎಂದುಬಿಟ್ಟರೆ, ಹತ್ತು ದಿನದ ಹಿಂದಿನ ಸಂಪರ್ಕಕ್ಕೂ "ನೆಗೆಟಿವ್, ಮತ್ತೆ ಬರಬೇಕಿಲ್ಲ" ಎಂಬ ಉತ್ತರ ಸಿಗುತ್ತದೆ. ಆ ಉತ್ತರ ಅವರ ತಪ್ಪಲ್ಲ. ದಯವಿಟ್ಟು ತಾರೀಖು ಸರಿಯಾಗಿ ಹೇಳಿ, ಅಲ್ಲಿ ಯಾರೂ ನಿಮ್ಮನ್ನು ಅಳೆಯುವುದಿಲ್ಲ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ, ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ಟೆಸ್ಟ್ ಷರತ್ತು ಹಾಕುವಂತಿಲ್ಲ. ಕಂಪನಿಯ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಎಚ್‌ಐವಿ ಸೇರಿಸಿದ್ದರೆ ಬೇಡ ಎನ್ನುವ ಹಕ್ಕು ನಿಮಗಿದೆ. ಏನೇ ಅನುಮಾನಕ್ಕೂ 1097ಕ್ಕೆ ಫೋನ್ ಮಾಡಬಹುದು, ಟೋಲ್ ಫ್ರೀ.

ಒಂದು ಕಳಕಳಿಯ ಮಾತು. ಟೆಸ್ಟ್ ಬಿಟ್ಟಿ ಆಗುತ್ತದೆ ಎಂದು ಯಾರೂ ರಕ್ತದಾನ ಶಿಬಿರಕ್ಕೆ ಹೋಗಬೇಡಿ. ಸೋಂಕು ತಗುಲಿ ವಾರವಾಗಿದ್ದರೆ ರಕ್ತನಿಧಿಯ ಟೆಸ್ಟಿಗೂ ಅದು ಸಿಗದೇ ಹೋಗಬಹುದು. ಸೋಂಕಿರುವ ರಕ್ತ ಏರಿಸಿದರೆ 10ರಲ್ಲಿ 9ಕ್ಕೂ ಹೆಚ್ಚು ಜನರಿಗೆ ಅಂಟುತ್ತದೆ. ಆ ಬಾಟಲಿ ಹೋಗುವುದು ಹೆರಿಗೆಯಲ್ಲಿ ರಕ್ತ ಹೋದವರಿಗೋ, ಥಲಸೇಮಿಯಾ ಇರುವ ಮಗುವಿಗೋ.

—

ಶೇಷಾದ್ರಿಪುರಂ_ಸಂಜೆ:

ನಾಲ್ಕನೇ ತಲೆಮಾರು, ಮೂರನೇ ತಲೆಮಾರು ಎಲ್ಲ ಯಾಕೆ? ನೇರವಾಗಿ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಎಣಿಸೋ ಟೆಸ್ಟ್) ಮಾಡಿಸಿಬಿಟ್ಟರೆ ಒಂದೇ ಸಲಕ್ಕೆ ತೀರ್ಮಾನ ಆಗಲ್ವಾ? ಆರು ತಿಂಗಳು ಅನ್ನೋದು ಎಲ್ಲಿಂದ ಬಂತು ಅಂತಲೂ ಯಾರೂ ಹೇಳಲಿಲ್ಲ.

—

ಮೈಕ್ರೋಬಯಾಲಜಿ_ಬೆಂಚು:

ಆರು ತಿಂಗಳು ಹಳೇ ಕಿಟ್‌ಗಳ ಕಾಲದ್ದು. 1985ರಲ್ಲಿ ಬಂದ ಮೊದಲ ಎಲೈಸಾ ಟೆಸ್ಟುಗಳು ತಡವಾಗಿ ಬರೋ ಐಜಿಜಿ ಪ್ರತಿಕಾಯವನ್ನ ಮಾತ್ರ ಹಿಡೀತಿದ್ದವು. ಆಮೇಲಿನ ಕಿಟ್‌ಗಳು ಮೊದಲು ಬರೋ ಐಜಿಎಂ ಹಿಡಿದವು, ಅದಾದ ಮೇಲೆ ಪಿ24 ಸೇರಿತು. ಟೆಸ್ಟ್ ಬದಲಾಯ್ತು, ಜನರ ಬಾಯಲ್ಲಿ ಆರು ತಿಂಗಳು ಹಾಗೇ ಉಳೀತು. ಈಗಲೂ ಹೆಚ್ಚು ಕಾಲ ಟೆಸ್ಟ್ ಮುಂದುವರಿಸೋ ಸಂದರ್ಭ ಇದೆ: ಎಚ್‌ಐವಿ ಜೊತೆ ಹೆಪಟೈಟಿಸ್ ಸಿ ಕೂಡ ಒಟ್ಟಿಗೆ ಅಂಟಿದ್ದರೆ, ಅಂಗಾಂಗ ಕಸಿ ಅಥವಾ ಕ್ಯಾನ್ಸರ್ ಔಷಧದಿಂದ ರೋಗನಿರೋಧಕ ಶಕ್ತಿ ಕುಗ್ಗಿದ್ದರೆ, ಪೆಪ್ (ಸಂಪರ್ಕ ಆದ ಮೇಲೆ ತಗೊಳ್ಳೋದು) ಅಥವಾ ಪ್ರೆಪ್ (ಸಂಪರ್ಕಕ್ಕೆ ಮೊದಲೇ ತಗೊಳ್ಳೋದು) ಮಾತ್ರೆ ತಗೊಂಡಿದ್ದರೆ. ಅಂಥವರಿಗೆ ಅವರ ಡಾಕ್ಟರು ಹೇಳಿದ ದಿನವೇ ಲೆಕ್ಕ.

ವೈರಲ್ ಲೋಡ್ ಬಗ್ಗೆ. ಅದೂ ಆರ್‌ಎನ್‌ಎ ಹುಡುಕೋ ನ್ಯಾಟ್ ಜಾತಿಯದೇ, ಆದರೆ ಇರೋದು ಚಿಕಿತ್ಸೆ ತಗೊಳ್ತಿರೋವರಲ್ಲಿ ಔಷಧ ಕೆಲಸ ಮಾಡ್ತಿದೆಯಾ ನೋಡೋಕೆ. ಸೋಂಕೇ ಇಲ್ಲದವರಲ್ಲಿ ಕೆಲವೊಮ್ಮೆ 30, 40 ಕಾಪಿ ಅಂತ ಬಂದುಬಿಡತ್ತೆ. ಪಕ್ಕದ ಟ್ಯೂಬಿಂದ ಒಂದು ಸೂಕ್ಷ್ಮ ಹನಿ ಹಾರಿದ್ರೂ ಸಾಕು. ನಿಜವಾದ ಹೊಸ ಸೋಂಕಲ್ಲಿ ಸಾಮಾನ್ಯವಾಗಿ ಲಕ್ಷಗಟ್ಟಲೆ ಕಾಪಿ ಇರತ್ತೆ. ಇನ್ನೊಂದು ಕೊರತೆ, ಇಲ್ಲಿ ಸಾಮಾನ್ಯವಾಗಿ ಮಾಡೋ ವೈರಲ್ ಲೋಡ್ ಎಚ್‌ಐವಿ-1ಕ್ಕೆ ಮಾತ್ರ. ಎಚ್‌ಐವಿ-2 ನಮ್ಮ ದೇಶದಲ್ಲಿ ಕಮ್ಮಿ, ಆದರೆ ಇದೆ. 12ನೇ ದಿನ ಮಾಡಿಸಿದ ನ್ಯಾಟ್ ನೆಗೆಟಿವ್ ಆದರೂ ಅಂತಿಮ ಅಲ್ಲ, 33 ದಿನ ಅಂತ ಮೇಲೆ ಬರೆದಿದ್ದೀನಿ. ನ್ಯಾಟ್ ನಿಜವಾಗಿ ಬೇಕಾಗೋದು ಎಲ್ಲಿ ಅಂದ್ರೆ, ಅಪಾಯ ಹೆಚ್ಚಿರೋ ಸಂಪರ್ಕ ಆಗಿ ಎರಡು ಮೂರು ವಾರಕ್ಕೆ ಜ್ವರ ಬಂದು ಕಾಂಬೋ ಇನ್ನೂ ನೆಗೆಟಿವ್ ಇದ್ದಾಗ, ಕಾಂಬೋ 1.00ರಿಂದ ಸ್ವಲ್ಪ ಮೇಲೆ ಬಂದು ಪ್ರತಿಕಾಯ ಕಿಟ್‌ಗಳು ನೆಗೆಟಿವ್ ಇದ್ದಾಗ. 18 ತಿಂಗಳೊಳಗಿನ ಮಗುವಿನಲ್ಲಿ, ಯಾಕಂದ್ರೆ ಮಗುವಿನ ರಕ್ತದಲ್ಲಿ ತಾಯಿಯ ಪ್ರತಿಕಾಯವೇ ಓಡಾಡ್ತಿರತ್ತೆ.

ಸ್ವಲ್ಪ ಮೇಲೆ ಬಂದಿದ್ದು ಅಂದೆನಲ್ಲ, ಅದು ಹೇಗಾಗತ್ತೆ ಅಂತ ಹೇಳ್ತೀನಿ. ರಕ್ತ ಪೂರ್ತಿ ಹೆಪ್ಪುಗಟ್ಟೋಕೆ ಮುಂಚೆ ಸೆಂಟ್ರಿಫ್ಯೂಜಿಗೆ ಹಾಕಿದ್ರೆ ಸೀರಂನಲ್ಲಿ ಕೂದಲೆಳೆಯಂಥ ಫೈಬ್ರಿನ್ ಉಳೀತದೆ. ಮೆಷಿನ್ನಿನ ಸೂಜಿ ಅದನ್ನ ಹೀರಿಕೊಂಡ್ರೆ 1.2, 1.5 ಅಂತ ಸುಳ್ಳು ಬೆಳಕು. ಅದಕ್ಕೇ ರಿಯಾಕ್ಟಿವ್ ಬಂದ ಟ್ಯೂಬನ್ನ ಮತ್ತೆ ಜೋರಾಗಿ ತಿರುಗಿಸಿ ಎರಡು ಸಲ ಓಡಿಸಬೇಕು. ಎರಡೂ ಸಲ ಕೆಳಗೆ ಬಂದ್ರೆ ನಾನ್ ರಿಯಾಕ್ಟಿವ್. ನಿಮ್ಮ ರಿಪೋರ್ಟ್ ಹಾಗೆ ಗಡಿಯಲ್ಲಿದ್ದರೆ "ಪುನಃ ಮಾಡಿದ್ರಾ?" ಅಂತ ಕೇಳೋದರಲ್ಲಿ ಸಂಕೋಚ ಬೇಡ.

ಕಾರ್ಡ್ ಟೆಸ್ಟ್ ಕೆಡೋದು ಇನ್ನೂ ಸರಳ ಕಾರಣಕ್ಕೆ. ಬೆರಳು ಚುಚ್ಚಿದಾಗ ಸ್ಪಿರಿಟ್ ಒಣಗೋಕೆ ಬಿಡಬೇಕು, ಮೊದಲ ಹನಿ ಒರೆಸಿ ಎರಡನೆಯದನ್ನ ತಗೋಬೇಕು. ಹನಿ ಕಮ್ಮಿಯಾದ್ರೆ, ಬಫರ್ ದ್ರವ ಕಿಟ್ಟಿನಲ್ಲಿ ಹೇಳಿದ್ದಕ್ಕಿಂತ ಒಂದು ಹನಿ ಹೆಚ್ಚು ಬಿದ್ದರೆ ತೆಳುವಾಗಿ ಹರಿದುಹೋಗತ್ತೆ. ಕಾರ್ಡು ಕೆಲಸ ಮಾಡಿದೆ ಅಂತ ತೋರಿಸೋ ಕಂಟ್ರೋಲ್ ಗೆರೆ ಮೂಡದಿದ್ದರೆ ಆ ಕಾರ್ಡು ಬುಟ್ಟಿಗೆ, ಇನ್ನೊಂದು ತಗೀಬೇಕು. ಕಿಟ್ಟಿನ ಕಾಗದದಲ್ಲಿ ಬರೆದಿರೋ ನಿಮಿಷದೊಳಗೆ ಓದಬೇಕು. ಆ ಹೊತ್ತಿನೊಳಗೆ ಎಷ್ಟೇ ತೆಳುವಾದ ಗೆರೆ ಬಂದ್ರೂ ಅದು ಗೆರೆಯೇ; ಒಂದು ಗಂಟೆ ಬಿಟ್ಟು ಒಣಗಿದ ಮೇಲೆ ಕಾಣೋ ಬೂದು ಗೆರೆಗೆ ಬೆಲೆ ಇಲ್ಲ.

—

ರಾಜಾಜಿನಗರ_ಓದುಗ:

ತುಂಬಾ ಉಪಕಾರ ಆಯ್ತು, ಇಬ್ಬರಿಗೂ. ಪೆಪ್ ಬಗ್ಗೆ ಯಾರಾದರೂ ಬಿಡಿಸಿ ಬರೆದರೆ ಮುಂದೆ ಓದೋರಿಗೆ ಒಳ್ಳೇದಾಗತ್ತೆ. ಮಾತ್ರೆ ತಗೊಂಡೋರು ದಿನ ಎಲ್ಲಿಂದ ಎಣಿಸಬೇಕು?

—

ರಾತ್ರಿಪಾಳಿ_ಫಾರ್ಮಸಿ:

ಪೆಪ್ ವಿಷಯದಲ್ಲಿ ದಿನ ಎಣಿಸೋದಲ್ಲ, ಗಂಟೆ ಎಣಿಸಬೇಕು. 72 ಗಂಟೆ ಕೊನೆಯ ಗಡಿ, ಗುರಿ ಅಲ್ಲ. ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಯೊಳಗೆ ಮೊದಲ ಡೋಸ್ ಒಳಗೆ ಹೋಗಬೇಕು. "ಬೆಳಿಗ್ಗೆ ಒಪಿಡಿ ತೆರೀಲಿ", "ಮೊದಲು ಟೆಸ್ಟ್ ರಿಪೋರ್ಟ್ ಬರಲಿ" ಅಂತ ಕಾಯೋದೇ ಇಲ್ಲಿ ಆಗೋ ದೊಡ್ಡ ತಪ್ಪು. ರಾತ್ರಿ ಆದ್ರೆ ದೊಡ್ಡ ಆಸ್ಪತ್ರೆಯ ಕ್ಯಾಶುಯಾಲ್ಟಿ, ಹಗಲಾದ್ರೆ ಎಆರ್‌ಟಿ ಕೇಂದ್ರ. ಕರ್ತವ್ಯದಲ್ಲಿ ಸೂಜಿ ಚುಚ್ಚಿಕೊಂಡ ಆಸ್ಪತ್ರೆ ಸಿಬ್ಬಂದಿಗೆ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಉಳಿದವರು ಡಾಕ್ಟರ್ ಚೀಟಿ ತಂದು ಅಂಗಡಿಯಲ್ಲಿ ತಗೋಬೇಕಾಗಬಹುದು. ಎಲ್ಲ ಮೆಡಿಕಲ್ ಶಾಪಲ್ಲೂ ಈ ಮಾತ್ರೆ ಇಟ್ಟಿರಲ್ಲ, ಆಸ್ಪತ್ರೆ ಒಳಗಿನ ಫಾರ್ಮಸಿಗೆ ಮೊದಲು ಫೋನ್ ಮಾಡಿ ಕೇಳಿಕೊಂಡು ಹೋಗಿ.

ಸೂಜಿ ಚುಚ್ಚಿದ್ದರೆ ಸೋಪು ನೀರಲ್ಲಿ ತೊಳೆಯಿರಿ, ಅಷ್ಟೇ. ಹಿಂಡಬೇಡಿ, ಬಾಯಿಗೆ ಇಡಬೇಡಿ, ಸ್ಪಿರಿಟ್ ಸುರೀಬೇಡಿ. ಸೋಂಕಿರೋ ರಕ್ತದ ಸೂಜಿ ಚುಚ್ಚಿದ್ರೂ ಅಂಟೋ ಸಾಧ್ಯತೆ ಸುಮಾರು 0.3%.

ಔಷಧ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಸೇರಿ ಒಂದೇ ಮಾತ್ರೆ. ದಿನಕ್ಕೆ ಒಂದು, ಒಂದೇ ಹೊತ್ತಿಗೆ, 28 ದಿನ. ಮೊದಲ ವಾರ ವಾಕರಿಕೆ, ತಲೆನೋವು, ನಿದ್ದೆ ಸರಿ ಬರದಿರೋದು ಆಗಬಹುದು. ಅದಕ್ಕೆ ಬಿಟ್ಟುಬಿಡೋರು ಬಹಳ. ಬಿಡಬೇಡಿ, ಡಾಕ್ಟರಿಗೆ ಹೇಳಿ. ಒಂದು ಡೋಸ್ ಮರೆತರೆ ನೆನಪಾದ ಕೂಡಲೇ ತಗೊಳ್ಳಿ, ಎರಡನ್ನ ಒಟ್ಟಿಗೆ ನುಂಗಬೇಡಿ.

ಜನ ಎಡವೋದು ಗ್ಯಾಸ್ಟ್ರಿಕ್ ಔಷಧದಲ್ಲಿ. ವಾಕರಿಕೆ ಅಂತ ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್ ಮೇಲಿಂದ ಕುಡೀತಾರೆ. ಅದರ ಮೆಗ್ನೀಷಿಯಂ, ಅಲ್ಯೂಮಿನಿಯಂ ಹೊಟ್ಟೆಯಲ್ಲೇ ಡೊಲುಟೆಗ್ರಾವಿರನ್ನ ಹಿಡಿದುಕೊಂಡು ರಕ್ತಕ್ಕೆ ಹೋಗೋಕೆ ಬಿಡಲ್ಲ. ಮಾತ್ರೆ ಆಂಟಾಸಿಡ್‌ಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಆದಮೇಲೆ ತಗೋಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದೇ ಅಂತರ; ಊಟದ ಜೊತೆ ಆದ್ರೆ ಒಟ್ಟಿಗೆ ಆಗಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳೋರು, ಟಿಬಿಗೆ ರಿಫಾಂಪಿಸಿನ್ ತಗೊಳ್ಳೋರು ಮೊದಲೇ ಹೇಳಬೇಕು, ಡೋಸ್ ಹೊಂದಿಸಬೇಕಾಗತ್ತೆ.

ಶುರು ಮಾಡೋ ದಿನ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಕ್ರಿಯಾಟಿನಿನ್‌ಗೆ (ಕಿಡ್ನಿ ಟೆಸ್ಟ್) ರಕ್ತ ಕೊಡಿ. ಆ ದಿನದ ಎಚ್‌ಐವಿ ಟೆಸ್ಟ್ ನಿನ್ನೆಯ ಘಟನೆ ಬಗ್ಗೆ ಏನೂ ಹೇಳಲ್ಲ, ಮೊದಲೇ ಇತ್ತಾ ಅನ್ನೋದನ್ನ ಮಾತ್ರ ಹೇಳತ್ತೆ. ಹೆಪಟೈಟಿಸ್ ಬಿ ಯಾಕೆ ಅಂದ್ರೆ, ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಆ ವೈರಸ್ಸನ್ನೂ ಅದುಮಿಡ್ತವೆ. ತಿಳಿಯದೆ 28ನೇ ದಿನ ನಿಲ್ಲಿಸಿದ್ರೆ ಅದು ಕೆರಳಿ ಲಿವರ್‌ಗೆ ಪೆಟ್ಟಾಗಬಹುದು.

ಇನ್ನು ನೀವು ಕೇಳಿದ ಎಣಿಕೆ. ಪೆಪ್ ತಗೊಂಡೋರು ಘಟನೆಯ ದಿನದಿಂದ 45 ಎಣಿಸಬಾರದು, ಕೊನೆ ಮಾತ್ರೆಯ ದಿನದಿಂದ ಎಣಿಸಬೇಕು. ಸೋಂಕು ತಗುಲಿದ್ದೂ ಔಷಧ ಅದನ್ನ ಅರ್ಧ ಅದುಮಿಟ್ಟಿದ್ದರೆ ಪಿ24, ಪ್ರತಿಕಾಯ ಎರಡೂ ತಡವಾಗಿ ಕಾಣಿಸಿಕೊಳ್ತವೆ. 28 ಮತ್ತು 45 ಸೇರಿದ್ರೆ ಘಟನೆಯಿಂದ ಸುಮಾರು 73ನೇ ದಿನ ಲ್ಯಾಬ್ ಕಾಂಬೋ. ನಡುವೆ 6ನೇ ವಾರಕ್ಕೆ ಒಂದು, ಆಮೇಲೆ ಮೂರು ತಿಂಗಳಿಗೆ ಒಂದು ಮಾಡಿಸ್ತಾರೆ, ಕೆಲವರು ಆರು ತಿಂಗಳಿಗೂ ಬರೆದುಕೊಡ್ತಾರೆ. ಚೀಟಿಯಲ್ಲಿ ಏನಿದೆಯೋ ಅದು ಪೂರ್ತಿ ಮಾಡಿಸಿ.

—

ಸಮಾಲೋಚನೆ_ಕೋಣೆ:

ರಾಜಾಜಿನಗರದವರೇ, ನಿಮ್ಮವರಿಗೆ ಬಿಟ್ಟುಹೋದ ಒಂದೆರಡು ವಿಷಯ. ಘಟನೆಯ ದಿನವನ್ನು ಸೊನ್ನೆ ಎಂದು ಎಣಿಸಿದರೆ 45ನೇ ದಿನ ಜುಲೈ 23, 90ನೇ ದಿನ ಸೆಪ್ಟೆಂಬರ್ 6. ಜುಲೈ 23ರಂದು ಅದೇ ಲ್ಯಾಬ್ ಕಾಂಬೋ ಮಾಡಿಸಲಿ. ಅದೇ ರಕ್ತದಲ್ಲಿ ಸಿಫಿಲಿಸ್ ಮತ್ತು ಹೆಪಟೈಟಿಸ್ ಬಿ ಕೂಡ ನೋಡಲಿ; ಒಂದೇ ಸಂಪರ್ಕದಲ್ಲಿ ಎಚ್‌ಐವಿಗಿಂತ ಇವು ಸುಲಭವಾಗಿ ಅಂಟುತ್ತವೆ, ಎಚ್‌ಐವಿ ಭಯದಲ್ಲಿ ಇವನ್ನು ಯಾರೂ ಕೇಳುವುದೇ ಇಲ್ಲ. ಸಿಫಿಲಿಸ್ ಟೆಸ್ಟ್ ಮೂರು ತಿಂಗಳಿಗೆ ಇನ್ನೊಮ್ಮೆ ಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಈಗಲೇ ಶುರು ಮಾಡಲಿ: 0, 1, 6 ತಿಂಗಳು. ಈ ಟೆಸ್ಟುಗಳು ಮುಗಿಯುವವರೆಗೆ ಹೆಂಡತಿಯೋ ಗೆಳತಿಯೋ ಇದ್ದರೆ ಕಾಂಡೋಮ್ ಬಿಡಬಾರದು.

—

ರಾಜಾಜಿನಗರ_ಓದುಗ:

ಹೇಳ್ತೀನಿ ಮೇಡಂ. ಜುಲೈ 23ಕ್ಕೆ ಅವರು ಊರಲ್ಲಿರಲ್ಲ. 21ಕ್ಕೇ ಮಾಡಿಸಿಬಿಟ್ಟರೆ ನಡೆಯುತ್ತಾ?

—

ಮೈಕ್ರೋಬಯಾಲಜಿ_ಬೆಂಚು:

ವಾಪಸ್ ಬಂದ ಮೇಲೆ ಮಾಡಿಸಲಿ. ದಿನ ಮುಂದಕ್ಕೆ ಹೋದಷ್ಟೂ ಟೆಸ್ಟಿಗೆ ಬಲ ಬರತ್ತೆ, ಹಿಂದಕ್ಕೆ ಎಳೆದರೆ "ಎರಡು ದಿನ ಕಮ್ಮಿ ಆಯ್ತಲ್ಲ" ಅಂತ ಮತ್ತೆ ಅದೇ ಯೋಚನೆ ಶುರುವಾಗತ್ತೆ. ಬರೋವಾಗ ಹಳೇ ಎರಡು ರಿಪೋರ್ಟೂ ಜೊತೆಗಿರಲಿ, ತೋರಿಸೋದು ವಿಧಾನದ ಸಾಲು ಒಂದೇನಾ ಅಂತ ನೋಡೋಕೆ, 0.18ನ್ನ ಹೋಲಿಸೋಕೆ ಅಲ್ಲ.